ಒಂದು ಇಡೀ ಎಸಿಸಿ ಬ್ಯಾಸ್ಕೆಟ್‌ಬಾಲ್ ಸೀಸನ್ ಹಿಂಬಾಲಿಸುವುದು ಹೇಗೆ: ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಸಮಗ್ರ ಮಾರ್ಗದರ್ಶಿ

ನಾರ್ತ್ ಕ್ಯಾರೊಲಿನಾದ ಕ್ಯಾರಿಗೆ ಬಂದ ಮೊದಲ ವಾರ ಆಫೀಸಿನಲ್ಲಿ ಒಬ್ಬರು ಕೇಳಿದರು: "ನಿಮ್ಮದು ತಿಳಿ ನೀಲಿಯೋ, ಕಡು ನೀಲಿಯೋ, ಕೆಂಪೋ?" ಕಾರಿನ ಬಣ್ಣ ಕೇಳುತ್ತಿದ್ದಾರೆ ಅಂದುಕೊಂಡು "ಬೂದು" ಅಂದೆ. ಅವರು ನಗಲಿಲ್ಲ. ಪಾಪ, ಹೊಸಬ ಅನ್ನುವ ಹಾಗೆ ನೋಡಿದರು. ಅವರು ಕೇಳಿದ್ದು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಬಣ್ಣ. ತಿಳಿ ನೀಲಿ ಅಂದರೆ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ. ಕಡು ನೀಲಿ ಡರಮ್‌ನ ಡ್ಯೂಕ್. ಕೆಂಪು ರಾಲೀಯ ಎನ್‌ಸಿ ಸ್ಟೇಟ್. ಮೂರೂ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಈ ಭಾಗದಲ್ಲಿ ಸಾಕಷ್ಟು ಕನ್ನಡದ ಮನೆಗಳಿವೆ. ಬಂದು ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಒಂದು ಬಣ್ಣ ಅಂಟಿಕೊಂಡಿರುತ್ತದೆ.

ಈ ಬರಹ ಅಂಥ ಹೊಸಬರಿಗೆ. ಬೆಂಗಳೂರಿನಲ್ಲಿ ಕೂತು ಮಕ್ಕಳೋ ತಮ್ಮಂದಿರೋ ಓದುವ ಕಾಲೇಜಿನ ತಂಡವನ್ನು ನೋಡಬೇಕು ಅನ್ನುವವರಿಗೂ ಆಗುತ್ತದೆ. ಮೊದಲೇ ಒಂದು ಮಾತು. ನಾನು ಮೂರು ವರ್ಷ ತಪ್ಪು ರೀತಿಯಲ್ಲಿ ನೋಡಿದೆ. ನಮ್ಮ ತಂಡ ಆಡುವ ದಿನ ಟಿವಿ ಹಾಕುವುದು, ಮುಗಿದ ಮೇಲೆ ಆರಿಸುವುದು, ಅಷ್ಟೇ. ಕಾನ್ಫರೆನ್ಸ್ ಸೀಸನ್ನಿನ ನಿಜವಾದ ರುಚಿ ಇರುವುದು ನಮ್ಮ ತಂಡ ಆಡದ ರಾತ್ರಿಗಳಲ್ಲಿ. ಕೆಳಗಿನದ್ದೆಲ್ಲ ಆ ರಾತ್ರಿಗಳಿಗೆ ತಯಾರಿ.

ಹೆಜ್ಜೆ 1: ಕಾನ್ಫರೆನ್ಸ್ ಅಂದರೆ ಏನು, ತಿಳಿದುಕೊಳ್ಳಿ

ಅಮೆರಿಕದಲ್ಲಿ ಮೇಲಿನ ದರ್ಜೆಯ, ಅಂದರೆ ಡಿವಿಷನ್ 1ರ, ಪುರುಷರ ಕಾಲೇಜು ತಂಡಗಳೇ 360ಕ್ಕಿಂತ ಜಾಸ್ತಿ ಇವೆ. ಎಲ್ಲರೂ ಎಲ್ಲರ ಜೊತೆ ಆಡಲು ಆಗುವುದಿಲ್ಲ. ಹಾಗಾಗಿ ಕಾಲೇಜುಗಳು ಗುಂಪು ಕಟ್ಟಿಕೊಂಡಿವೆ. ಆ ಗುಂಪೇ ಕಾನ್ಫರೆನ್ಸ್. ನಮ್ಮ ಗುಂಪಿನ ಹೆಸರು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಚಿಕ್ಕದಾಗಿ ಎಸಿಸಿ. 1953ರಲ್ಲಿ ಗ್ರೀನ್ಸ್‌ಬರೊ ಊರಿನಲ್ಲಿ 7 ಕಾಲೇಜುಗಳು ಸೇರಿ ಶುರು ಮಾಡಿದವು: ಡ್ಯೂಕ್, ನಾರ್ತ್ ಕ್ಯಾರೊಲಿನಾ, ಎನ್‌ಸಿ ಸ್ಟೇಟ್, ವೇಕ್ ಫಾರೆಸ್ಟ್, ಕ್ಲೆಮ್ಸನ್, ಮೇರಿಲ್ಯಾಂಡ್, ಸೌತ್ ಕ್ಯಾರೊಲಿನಾ. ಅದೇ ವರ್ಷ ವರ್ಜೀನಿಯಾ ಸೇರಿತು. ಮೊದಲ ನಾಲ್ಕೂ ನಾರ್ತ್ ಕ್ಯಾರೊಲಿನಾ ರಾಜ್ಯದವೇ. ಈ ನಾಲ್ಕರ ನಡುವಿನ ದಾರಿಗೆ ಟೊಬ್ಯಾಕೊ ರೋಡ್ ಎಂಬ ಹೆಸರು ಬಿದ್ದಿದೆ, ಇದು ಹೊಗೆಸೊಪ್ಪಿನ ಸೀಮೆಯಾದ್ದರಿಂದ.

ಈಗ ತಂಡಗಳು 18. ಸೌತ್ ಕ್ಯಾರೊಲಿನಾ 1971ರಲ್ಲೇ ಹೊರಗೆ ಹೋಯಿತು, ಮೇರಿಲ್ಯಾಂಡ್ 2014ರಲ್ಲಿ. 2024ರಲ್ಲಿ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ, ಟೆಕ್ಸಸ್‌ನ ಎಸ್‌ಎಂಯು ಸೇರಿದವು. ಮೊದಲ ಎರಡು ಇರುವುದು ಪೆಸಿಫಿಕ್ ಕಡಲ ಕಡೆ! ಹೆಸರಿನಲ್ಲಿ ಅಟ್ಲಾಂಟಿಕ್ ತೀರ, ಪಂದ್ಯ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿ. ಕಾರಣ ಅಮೆರಿಕನ್ ಫುಟ್‌ಬಾಲ್ ಮತ್ತು ಟಿವಿ ದುಡ್ಡು. ಹಳೆಯ ಅಭಿಮಾನಿಗಳು ಇದಕ್ಕೆ ಇನ್ನೂ ಗೊಣಗುತ್ತಾರೆ. ನಾನೂ ಗೊಣಗುತ್ತೇನೆ. ಆ ಪಂದ್ಯಗಳು ಮುಗಿಯುವಾಗ ಇಲ್ಲಿ ಮಧ್ಯರಾತ್ರಿ ದಾಟಿರುತ್ತದೆ.

ಹೆಜ್ಜೆ 2: ತಂಡ ಆರಿಸಿ, ಆಮೇಲೆ ಬದಲಾಯಿಸಬೇಡಿ

ಮನೆಯಲ್ಲಿ ಯಾರಾದರೂ ಓದಿದ್ದರೆ ಕೆಲಸ ಮುಗಿಯಿತು, ಅದೇ ತಂಡ. ಇಲ್ಲದಿದ್ದರೆ ಒಂದು ತಿಂಗಳು ಸುಮ್ನೆ ನೋಡಿ. ಯಾವ ತಂಡ ಸೋತಾಗ ನಿಮಗೆ ಊಟ ಸೇರುವುದಿಲ್ಲವೋ ಅದೇ ನಿಮ್ಮದು. ಗೆದ್ದಾಗ ಖುಷಿಯಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗೆಲ್ಲುವವರ ಜೊತೆ ಎಲ್ಲರಿಗೂ ಖುಷಿಯೇ.

ಡ್ಯೂಕ್ ಮತ್ತು ನಾರ್ತ್ ಕ್ಯಾರೊಲಿನಾ ನಡುವೆ ರಸ್ತೆಯಲ್ಲಿ ಸುಮಾರು 16 ಕಿಲೋಮೀಟರ್ ಅಷ್ಟೇ. ಎರಡಕ್ಕೂ ಒಟ್ಟಿಗೆ ಅಭಿಮಾನಿ ಆಗಲು ಆಗುವುದಿಲ್ಲ. "ನನಗೆ ಇಬ್ಬರೂ ಇಷ್ಟ" ಅಂದರೆ ಇಲ್ಲಿಯ ಜನ ಅನುಮಾನದಿಂದ ನೋಡುತ್ತಾರೆ. ಎನ್‌ಸಿ ಸ್ಟೇಟ್ ಹಿಡಿದವರಿಗೆ ತಾಳ್ಮೆ ಜಾಸ್ತಿ ಬೇಕು. ನನ್ನ ಹೆಂಡತಿ ಎಂಎಸ್ ಓದಿದ್ದು ಅಲ್ಲೇ, ಹಾಗಾಗಿ ನನಗೆ ಆಯ್ಕೆ ಇರಲಿಲ್ಲ. ಮಗಳು ಮಾತ್ರ ಶಾಲೆಯ ಗೆಳತಿಯರ ಜೊತೆ ಸೇರಿ ತಿಳಿ ನೀಲಿಗೆ ಹೋದಳು. ಈಗ ಮನೆಯಲ್ಲಿ ಎರಡು ಸೋಫಾ.

ಹೆಜ್ಜೆ 3: ನಿಯಮಗಳನ್ನು ಒಂದು ಸಂಜೆಯಲ್ಲಿ ಕಲಿಯಿರಿ

ಬ್ಯಾಸ್ಕೆಟ್‌ಬಾಲ್ ನಮಗೆ ಪೂರ್ತಿ ಹೊಸದಲ್ಲ. ಬೆಂಗಳೂರಿನ ಬಡಾವಣೆಗಳ ಕ್ಲಬ್ ಕೋರ್ಟುಗಳಲ್ಲಿ ಆಡಿದವರು ಎಷ್ಟೋ ಜನ ಇದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೇ ಆಡಿದ್ದಾರೆ. ಆದರೆ ಕಾಲೇಜು ಆಟದಲ್ಲಿ ಕೆಲವು ವ್ಯತ್ಯಾಸಗಳಿವೆ.

ಪುರುಷರ ಪಂದ್ಯಕ್ಕೆ 20 ನಿಮಿಷದ ಎರಡು ಭಾಗ. ಮಹಿಳೆಯರಿಗೆ 10 ನಿಮಿಷದ ನಾಲ್ಕು. ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನಲ್ಲಿ ಎಸೆಯಬೇಕು. 5 ಫೌಲ್ ಆದರೆ ಆಟಗಾರ ಹೊರಗೆ. ನಿಮ್ಮ ಒಳ್ಳೆಯ ಆಟಗಾರನಿಗೆ ಮೊದಲ ಭಾಗದಲ್ಲೇ ಎರಡು ಫೌಲ್ ಬಿದ್ದರೆ ಕೋಚ್ ಅವನನ್ನು ಕೂರಿಸುತ್ತಾರೆ. ಅಲ್ಲಿಂದ ಪಂದ್ಯದ ನಡಿಗೆಯೇ ಬದಲಾಗುತ್ತದೆ. ಹಾಗಾಗಿ ಸ್ಕೋರಿನ ಜೊತೆ ಫೌಲ್ ಎಷ್ಟು ಅಂತಲೂ ನೋಡುತ್ತಿರಿ. ಇನ್ನು ಭಾಗಕ್ಕೆ ನಾಲ್ಕು ಸಲ, 16, 12, 8, 4 ನಿಮಿಷ ಉಳಿದಾಗ, ಆಟ ನಿಂತ ಕೂಡಲೇ ಜಾಹೀರಾತು. ಕಾಫಿ ಬಿಸಿ ಮಾಡಲು ಏಳಬೇಕಾದ್ದು ಆಗ.

ಒಂದೇ ಒಂದು ನಿಯಮವನ್ನು ಸರಿಯಾಗಿ ಕಲಿಯಿರಿ: ಒನ್-ಆ್ಯಂಡ್-ಒನ್. ಪುರುಷರ ಆಟದಲ್ಲಿ ಒಂದು ಭಾಗದಲ್ಲಿ ಎದುರಾಳಿ ತಂಡ ಒಟ್ಟಾರೆ 7ನೇ ಫೌಲ್ ಮಾಡಿದಲ್ಲಿಂದ ನಿಮಗೆ ಒಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ, ಸಿಗುತ್ತದೆ. ಅದು ಬಿದ್ದರೆ ಮಾತ್ರ ಎರಡನೆಯದು. ಮೊದಲನೆಯದೇ ತಪ್ಪಿದರೆ ಚೆಂಡು ಯಾರಿಗೆ ಸಿಕ್ಕಿತೋ ಅವರದು. 10ನೇ ಫೌಲ್‌ನಿಂದ ಎರಡೂ ಖಚಿತ. ಕೊನೆಯ ಎರಡು ನಿಮಿಷದಲ್ಲಿ ಸೋಲುತ್ತಿರುವ ತಂಡ ಬೇಕಂತಲೇ ಫೌಲ್ ಮಾಡುವುದು ಇದಕ್ಕೇ.

2024ರ ಎಸಿಸಿ ಟೂರ್ನಮೆಂಟಿನ ಸೆಮಿಫೈನಲ್. ವರ್ಜೀನಿಯಾ ಎನ್‌ಸಿ ಸ್ಟೇಟ್‌ಗಿಂತ 3 ಅಂಕ ಮುಂದೆ. ಐದಾರು ಸೆಕೆಂಡ್ ಉಳಿದಿದೆ. ವರ್ಜೀನಿಯಾದವರಿಗೆ ಒನ್-ಆ್ಯಂಡ್-ಒನ್. ಮೊದಲ ಎಸೆತ ತಪ್ಪಿತು. ಚೆಂಡು ಹಿಡಿದು ಓಡಿದ ಎನ್‌ಸಿ ಸ್ಟೇಟ್‌ನ ಮೈಕಲ್ ಒಕಾನಲ್ ಗಂಟೆ ಬೀಳುವ ಮೊದಲು ಮೂರು ಅಂಕದ ದೂರದಿಂದ ಎಸೆದರು. ಹಲಗೆಗೆ ಬಡಿದು ಒಳಗೆ ಬಿತ್ತು. ಹೆಚ್ಚುವರಿ ಸಮಯದಲ್ಲಿ ಎನ್‌ಸಿ ಸ್ಟೇಟ್ 73-65ರಿಂದ ಗೆದ್ದಿತು. ನಿಯಮ ಗೊತ್ತಿಲ್ಲದೆ ನೋಡಿದವರಿಗೆ ಅದು ಬರೀ ಅದೃಷ್ಟದ ಎಸೆತ. ಗೊತ್ತಿದ್ದವರ ಎದೆ ಫ್ರೀ ಥ್ರೋ ತಪ್ಪಿದಾಗಲೇ ಹೊಡೆದುಕೊಳ್ಳಲು ಶುರುವಾಗಿತ್ತು.

ಹೆಜ್ಜೆ 4: ಅಕ್ಟೋಬರಿನಲ್ಲಿ ಒಂದು ನೋಟ್‌ಬುಕ್ ತನ್ನಿ, ಪೆನ್ಸಿಲ್ ಸಹಿತ

ಹಿಂದೆಲ್ಲ ಒಬ್ಬ ಆಟಗಾರ ನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಇರುತ್ತಿದ್ದ. ಅಭಿಮಾನಿಗಳ ಕಣ್ಣೆದುರೇ ಬೆಳೆಯುತ್ತಿದ್ದ. ಈಗ ಹಾಗಿಲ್ಲ. ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಪಟ್ಟಿಗೆ ಹೆಸರು ಹಾಕಿದರೆ ಮುಂದಿನ ವರ್ಷ ಬೇರೆ ಕಾಲೇಜಿಗೆ ಆಡಬಹುದು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ತುಂಬಾ ಒಳ್ಳೆಯವರು ಒಂದೇ ವರ್ಷ ಆಡಿ ಎನ್‌ಬಿಎ ಎಂಬ ವೃತ್ತಿಪರ ಲೀಗಿಗೆ ಹೋಗುತ್ತಾರೆ. ಡ್ಯೂಕ್‌ನ ಕೂಪರ್ ಫ್ಲ್ಯಾಗ್ 2024-25ರಲ್ಲಿ ಒಂದು ಸೀಸನ್ ಆಡಿ 2025ರ ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ಆ ಲೀಗಿನ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವಾಗ, ಮೊದಲನೆಯವರಾಗಿ ಹೋದರು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದ ತಿರುಗಾಟ ಶುರುವಾಗುವ ಮೊದಲು ಯಾವ ಭಾಗವತರು ಯಾವ ಮೇಳಕ್ಕೆ ಹೋದರು, ಯಾವ ವೇಷಧಾರಿ ಮೇಳ ಬಿಟ್ಟರು ಅಂತ ವಿಚಾರಿಸುತ್ತೇವಲ್ಲ, ಅಕ್ಟೋಬರಿನ ಕೆಲಸ ಅದೇ.

ಮಾಡುವುದು ಹೀಗೆ. ನಿಮ್ಮ ತಂಡಕ್ಕೆ ಎರಡು ಪುಟ. ಆಟಗಾರನ ಹೆಸರು, ಎತ್ತರ, ಎಷ್ಟನೇ ವರ್ಷ, ಎಲ್ಲಿಂದ ಬಂದ, ಹೋದ ವರ್ಷ ಎಷ್ಟು ನಿಮಿಷ ಆಡಿದ. ಉಳಿದ 17 ತಂಡಗಳಿಗೂ ಇದನ್ನೇ ಬರೆಯಲು ಹೋಗಬೇಡಿ, ಡಿಸೆಂಬರಿಗೆ ಸುಸ್ತಾಗುತ್ತೀರಿ. ಒಂದೊಂದು ತಂಡಕ್ಕೆ ನಾಲ್ಕು ಸಾಲು ಸಾಕು: ಕೋಚ್ ಯಾರು, ಚೆಂಡು ಯಾರ ಕೈಯಲ್ಲಿ ಇರುತ್ತದೆ, ದೊಡ್ಡ ಆಳು ಯಾರು, ಮೂರಂಕ ಎಸೆಯುವವರು ಯಾರು. ಪೆನ್ಸಿಲ್‌ನಲ್ಲೇ ಬರೆಯಿರಿ. ನಾನು ಮೊದಲ ವರ್ಷ ಪೆನ್ನಿನಲ್ಲಿ ಬರೆದು, ಮರು ವರ್ಷ ಇಡೀ ಪುಸ್ತಕ ಎಸೆಯಬೇಕಾಯಿತು.

ಹೆಜ್ಜೆ 5: ನವೆಂಬರ್, ಡಿಸೆಂಬರನ್ನು ಹಗುರವಾಗಿ ನೋಡಬೇಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸೀಸನ್ ನವೆಂಬರ್ ಮೊದಲ ವಾರದಲ್ಲಿ ಶುರು. ಕಾನ್ಫರೆನ್ಸ್ ಪಂದ್ಯಗಳು ಬಿರುಸಾಗುವುದು ಹೊಸ ವರ್ಷದ ಆಸುಪಾಸಿನಲ್ಲಿ. ಅಲ್ಲಿಯವರೆಗೆ ತಂಡಗಳು ಹೊರಗಿನವರ ಜೊತೆ ಆಡುತ್ತವೆ. ಹೆಸರು ಕೇಳಿರದ ಸಣ್ಣ ಕಾಲೇಜು ಬಂದು 30 ಅಂಕದಿಂದ ಸೋತು ಹೋಗುತ್ತದೆ. ನೋಡುವವರಿಗೆ ಬೇಜಾರು. "ನಿಜವಾದ ಸೀಸನ್ ಜನವರಿಯಲ್ಲಿ" ಅಂತ ಎಷ್ಟೋ ಜನ ಟಿವಿ ಹಾಕುವುದೇ ಇಲ್ಲ. ನಾನೂ ಹಾಗೇ ಮಾಡಿದ್ದೆ.

ಈಗ ಲೆಕ್ಕ ನೋಡಿ. ಜನವರಿಯಿಂದ ಎಸಿಸಿ ತಂಡಗಳು ತಮ್ಮತಮ್ಮಲ್ಲೇ ಆಡುತ್ತವೆ. ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಗಂಡನ ಜೇಬಿನ ದುಡ್ಡು ಹೆಂಡತಿಯ ಪರ್ಸಿಗೆ ಹೋದ ಹಾಗೆ, ಮನೆಯ ಒಟ್ಟು ದುಡ್ಡು ಅಷ್ಟೇ ಇರುತ್ತದೆ. ಮನೆಗೆ ಹೊರಗಿನ ಸಂಪಾದನೆ ಬರುವುದು ನವೆಂಬರ್ ಮತ್ತು ಡಿಸೆಂಬರಿನಲ್ಲಿ. ಆಗ 18 ತಂಡಗಳೂ ಸೇರಿ ಎಷ್ಟು ಗೆದ್ದವೋ ಅದೇ ಬಂಡವಾಳ. ಉಳಿದ ಎರಡು ತಿಂಗಳು ಅದನ್ನು ಹಂಚಿಕೊಳ್ಳುವುದಷ್ಟೇ.

ಇದನ್ನು ಅಳೆಯುವ ಮಾಪನದ ಹೆಸರು ನೆಟ್. 2018-19ರಿಂದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಇದನ್ನು ಬಳಸುತ್ತಿದೆ. ಎಲ್ಲ ತಂಡಗಳಿಗೂ ಒಂದು ಸ್ಥಾನ ಇರುತ್ತದೆ. ಎನ್‌ಸಿಎಎ ನಡೆಸುವ, ದೇಶದ ಚಾಂಪಿಯನ್ ತೀರ್ಮಾನವಾಗುವ ಮಾರ್ಚ್‌ನ ದೊಡ್ಡ ಟೂರ್ನಮೆಂಟಿಗೆ ತಂಡ ಆರಿಸುವ ಸಮಿತಿ ಗೆಲುವುಗಳನ್ನು ನಾಲ್ಕು ರಾಶಿ ಮಾಡಿ ನೋಡುತ್ತದೆ. ಈ ರಾಶಿಗೆ ಕ್ವಾಡ್ ಅನ್ನುತ್ತಾರೆ. ಮನೆಯಂಗಳದಲ್ಲಿ ನೆಟ್ 1ರಿಂದ 30ರೊಳಗಿನ ತಂಡ, ಮೂರನೆಯವರ ಅಂಗಳದಲ್ಲಿ 50ರೊಳಗಿನದು, ಎದುರಾಳಿಯ ಅಂಗಳದಲ್ಲಿ 75ರೊಳಗಿನದು, ಇವೆಲ್ಲ ಕ್ವಾಡ್ 1. ಅಂದರೆ 40ನೇ ಸ್ಥಾನದ ತಂಡವನ್ನು ನಿಮ್ಮೂರಿನಲ್ಲಿ ಸೋಲಿಸಿದರೆ ಅದು ಎರಡನೇ ರಾಶಿ. ಅದೇ ತಂಡವನ್ನು ಅವರೂರಿಗೆ ಹೋಗಿ ಸೋಲಿಸಿದರೆ ಮೊದಲ ರಾಶಿ.

ಗಮನಿಸಿ, ಲೆಕ್ಕಕ್ಕೆ ಹಿಡಿಯುವುದು ಎದುರಾಳಿಯ ಕೊನೆಯ ಸ್ಥಾನವನ್ನು. ಪಂದ್ಯದ ದಿನದ್ದನ್ನಲ್ಲ. ನೀವು ಜನವರಿಯಲ್ಲಿ ಸೋಲಿಸಿದ ಕ್ಲೆಮ್ಸನ್ ಫೆಬ್ರವರಿಯಲ್ಲಿ ಚೆನ್ನಾಗಿ ಆಡಿದರೆ ನಿಮ್ಮ ಹಳೆಯ ಗೆಲುವಿನ ಬೆಲೆ ಏರುತ್ತದೆ. ಅದು ಕುಸಿದರೆ ನಿಮ್ಮದೂ ಇಳಿಯುತ್ತದೆ. ನಮ್ಮ ತಂಡ ಆಡದ ರಾತ್ರಿ ಟಿವಿ ಮುಂದೆ ಕೂರಬೇಕು ಅಂದದ್ದು ಇದಕ್ಕೇ.

ಬಂಡವಾಳ ಕಡಿಮೆಯಾದರೆ ಏನಾಗುತ್ತದೆ ಅನ್ನುವುದಕ್ಕೆ 2024-25 ಒಳ್ಳೆಯ ಉದಾಹರಣೆ. ಡಿಸೆಂಬರ್ ಮೊದಲ ವಾರದಲ್ಲಿ ಎಸಿಸಿ ಮತ್ತು ಎಸ್‌ಇಸಿ ಎಂಬ ದಕ್ಷಿಣದ ಕಾನ್ಫರೆನ್ಸ್ ನಡುವೆ 16 ಪಂದ್ಯ ನಡೆದವು. ಎಸ್‌ಇಸಿ 14 ಗೆದ್ದಿತು, ನಾವು 2. ಮಾರ್ಚ್‌ನಲ್ಲಿ ಎಸ್‌ಇಸಿಯ 16 ತಂಡಗಳಲ್ಲಿ 14ಕ್ಕೆ ದೊಡ್ಡ ಟೂರ್ನಮೆಂಟಿನ ಕರೆ ಬಂತು. ಎಸಿಸಿಯ 18ರಲ್ಲಿ ಬರೀ 4ಕ್ಕೆ: ಡ್ಯೂಕ್, ಕ್ಲೆಮ್ಸನ್, ಲೂಯಿವಿಲ್, ನಾರ್ತ್ ಕ್ಯಾರೊಲಿನಾ. ಡಿಸೆಂಬರಿನ ಆ ವಾರ ನೋಡಿದವರಿಗೆ ಮಾರ್ಚ್‌ನ ಸುದ್ದಿ ಆಗಲೇ ಗೊತ್ತಿತ್ತು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡೀ ಎಸಿಸಿಗೆ ಬಿಡಿ. ಯಾರು ಹೊರಗಿನ ಯಾವ ದೊಡ್ಡ ತಂಡವನ್ನು ಎಲ್ಲಿ ಸೋಲಿಸಿದರು, ಯಾರು ಸಣ್ಣ ತಂಡಕ್ಕೆ ಸೋತು ಮರ್ಯಾದೆ ಕಳೆದರು. ಈ ಎರಡು ತಿಂಗಳು ಮಾತ್ರ ಡ್ಯೂಕ್ ಗೆದ್ದರೆ ಎನ್‌ಸಿ ಸ್ಟೇಟ್ ಅಭಿಮಾನಿಯೂ ಒಳಗೊಳಗೇ ಖುಷಿಪಡಬೇಕು. ಹೊರಗೆ ತೋರಿಸಬೇಕಾಗಿಲ್ಲ.

ಹೆಜ್ಜೆ 6: ವೇಳಾಪಟ್ಟಿಯನ್ನು ಓದುವುದು

2025-26ರಿಂದ ಪುರುಷರ ತಂಡಗಳಿಗೆ ಕಾನ್ಫರೆನ್ಸ್ ಪಂದ್ಯ 18. ಅದಕ್ಕೂ ಮುಂಚೆ 20 ಇತ್ತು. ಎರಡು ತಂಡಗಳ ಜೊತೆ ಎರಡೆರಡು ಸಲ, 14ರ ಜೊತೆ ಒಂದೊಂದು ಸಲ. ಒಂದು ತಂಡದ ಮುಖವನ್ನೇ ನೋಡುವುದಿಲ್ಲ. ಎಲ್ಲರಿಗೂ ಒಂದೇ ಕಷ್ಟದ ಪಟ್ಟಿ ಸಿಗುವುದಿಲ್ಲ ಅಂತ ಇದರರ್ಥ. ನಿಮ್ಮ ತಂಡಕ್ಕೆ ಎರಡು ಸಲ ಸಿಕ್ಕವರು ಗಟ್ಟಿಗರೋ ಸೋರೆಬುರುಡೆಗಳೋ, ಮೊದಲು ಅದನ್ನು ನೋಡಿ. ಆಮೇಲೆ ಕ್ಯಾಲಿಫೋರ್ನಿಯಾ ಪ್ರವಾಸ ಯಾವಾಗ ಅಂತ ಗುರುತು ಹಾಕಿ. ವಿಮಾನದಲ್ಲಿ ಐದಾರು ಗಂಟೆ ಹೋಗಿ ಬಂದ ತಂಡ ಮುಂದಿನ ಪಂದ್ಯದಲ್ಲಿ ಕಾಲೆಳೆಯುವುದು ಸಾಮಾನ್ಯ.

ಅಂಕಪಟ್ಟಿಯನ್ನು ಬರೆದ ಹಾಗೇ ನಂಬಬೇಡಿ. ಜನವರಿ ಕೊನೆಯಲ್ಲಿ ಒಬ್ಬರು 9 ಆಡಿರುತ್ತಾರೆ, ಇನ್ನೊಬ್ಬರು 7. ಗೆಲುವಿನ ಕಾಲಂ ಬಿಟ್ಟು ಸೋಲಿನ ಕಾಲಂ ನೋಡಿ. ಆಡದ ಪಂದ್ಯವನ್ನು ಮುಂದೆ ಗೆಲ್ಲಬಹುದು. ಸೋತದ್ದು ವಾಪಸ್ ಬರುವುದಿಲ್ಲ. ಇನ್ನೊಂದು ಸುಲಭದ ಲೆಕ್ಕ ನನಗೆ ತುಂಬಾ ಇಷ್ಟ. ಹೊರಗೆ ಗೆದ್ದರೆ ಕೂಡಿಸು 1. ಮನೆಯಲ್ಲಿ ಸೋತರೆ ಕಳೆ 1. ಮನೆಯ ಗೆಲುವಿಗೂ ಹೊರಗಿನ ಸೋಲಿಗೂ ಸೊನ್ನೆ. ಎಲ್ಲ ತಂಡಕ್ಕೂ ಹೀಗೆ ಹಾಕಿ ನೋಡಿ. ಮೇಲಿರುವವರಲ್ಲಿ ಯಾರು ಬರೀ ಮನೆಯೂಟ ತಿಂದು ದಪ್ಪಗಾಗಿದ್ದಾರೆ ಅಂತ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೂ ಆಳಕ್ಕೆ ಹೋಗುವವರು ಕೆನ್ ಪಾಮರಾಯ್ ಅವರ ಅಂಕಿಗಳನ್ನು ನೋಡುತ್ತಾರೆ. ಅವರು ಮೊದಲು ಹವಾಮಾನ ಇಲಾಖೆಯಲ್ಲಿ ಇದ್ದವರು. ಮಳೆ ಅಳೆಯುವ ಕೈ ಈ ಆಟವನ್ನೂ ಅಳೆಯಿತು. ತಂಡಕ್ಕೆ 100 ಸಲ ಚೆಂಡು ಸಿಕ್ಕರೆ ಎಷ್ಟು ಅಂಕ ಮಾಡುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ಅಂತ ಅವರು ಲೆಕ್ಕ ಹಾಕುತ್ತಾರೆ. ಇದು ಬೇಕಾಗುವುದು ವೇಗ ಬೇರೆಬೇರೆ ಆದ್ದರಿಂದ. ಟೋನಿ ಬೆನೆಟ್ ಕೋಚ್ ಆಗಿದ್ದಾಗ ವರ್ಜೀನಿಯಾ ಎಷ್ಟು ನಿಧಾನ ಆಡುತ್ತಿತ್ತು ಅಂದರೆ 55-48 ಅನ್ನುವ ಥರದ ಸ್ಕೋರು ಅಲ್ಲಿ ಮಾಮೂಲು. ನಿದ್ದೆ ಬರುತ್ತದೆ ಅಂತ ನಕ್ಕವರೇ ಜಾಸ್ತಿ. ಆ ತಂಡ 2018ರ ದೊಡ್ಡ ಟೂರ್ನಮೆಂಟಿನಲ್ಲಿ ತನ್ನ ವಿಭಾಗದ ಒಂದನೇ ಕ್ರಮಾಂಕದಲ್ಲಿದ್ದು, ಅದೇ ವಿಭಾಗದ ಕೊನೆಯ, 16ನೇ ಕ್ರಮಾಂಕದ ಯುಎಂಬಿಸಿ ಎಂಬ ಕಾಲೇಜಿಗೆ 74-54ರಿಂದ ಸೋತಿತು. ಪುರುಷರ ಟೂರ್ನಮೆಂಟಿನಲ್ಲಿ ಅದುವರೆಗೆ ಹಾಗೆ ಆಗಿರಲೇ ಇಲ್ಲ. ಮರು ವರ್ಷ, ಅದೇ ಕೋಚ್, ಅದೇ ನಿಧಾನದ ಆಟ, ರಾಷ್ಟ್ರೀಯ ಚಾಂಪಿಯನ್.

ಹೆಜ್ಜೆ 7: ವಾರದ ಲಯ ಮತ್ತು ಗಡಿಯಾರ

ಹೆಚ್ಚಿನ ಪಂದ್ಯಗಳು ಮಂಗಳವಾರ, ಬುಧವಾರ ಮತ್ತು ಶನಿವಾರ. ಎಲ್ಲವನ್ನೂ ನೋಡಲು ಹೊರಟರೆ ಕೆಲಸವೂ ಉಳಿಯುವುದಿಲ್ಲ, ಸಂಸಾರವೂ ಉಳಿಯುವುದಿಲ್ಲ. ನಮ್ಮ ಮನೆಯ ಪದ್ಧತಿ: ನಮ್ಮ ತಂಡದ ಪಂದ್ಯ ಪೂರ್ತಿ. ಬೇರೆಯವರದ್ದು ವಾರಕ್ಕೆ ಎರಡು, ಅದೂ ಎರಡನೇ ಭಾಗ ಮಾತ್ರ. ಉಳಿದದ್ದಕ್ಕೆ ಬೆಳಿಗ್ಗೆ ಸ್ಕೋರು.

ಪಂದ್ಯಗಳು ಇಎಸ್‌ಪಿಎನ್ ಚಾನೆಲ್ಲುಗಳು, 2019ರಲ್ಲಿ ಶುರುವಾದ ಎಸಿಸಿ ನೆಟ್‌ವರ್ಕ್, ಮತ್ತು ಸಿಡಬ್ಲ್ಯು ಚಾನೆಲ್ ನಡುವೆ ಹಂಚಿಹೋಗಿವೆ. ನಿಮ್ಮ ಪ್ಯಾಕೇಜಿನಲ್ಲಿ ಎಸಿಸಿ ನೆಟ್‌ವರ್ಕ್ ಇದೆಯೇ ಅಂತ ಅಕ್ಟೋಬರಿನಲ್ಲೇ ನೋಡಿ. ಪಂದ್ಯ ಶುರುವಾಗಲು ಐದು ನಿಮಿಷ ಇರುವಾಗ ಪಾಸ್‌ವರ್ಡ್ ಹುಡುಕಿದ ಅನುಭವ ನನಗಿದೆ, ನಿಮಗೆ ಬೇಡ.

ಊರಿನಿಂದ ನೋಡುವವರಿಗೆ ಸಮಯ ಒಂಥರಾ ಅನುಕೂಲವೇ. ಚಳಿಗಾಲದಲ್ಲಿ ಇಲ್ಲಿಯ ಗಡಿಯಾರಕ್ಕೂ ಭಾರತಕ್ಕೂ ಹತ್ತೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ 7ರ ಪಂದ್ಯ ಅಲ್ಲಿ ಮರುದಿನ ಬೆಳಗಿನ ಜಾವ 5:30. ರಾತ್ರಿ 9ರದ್ದು ಬೆಳಿಗ್ಗೆ 7:30, ತಿಂಡಿಯ ಹೊತ್ತು. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಗ 5:30 ಇದ್ದದ್ದು 4:30 ಆಗುತ್ತದೆ. ದೊಡ್ಡ ಟೂರ್ನಮೆಂಟ್ ಬರುವುದೂ ಆಮೇಲೆಯೇ. ನನ್ನ ತಮ್ಮ ಬೆಂಗಳೂರಿನಲ್ಲಿ ಅಲಾರಂ ಬದಲಾಯಿಸಲು ಮರೆತು ಒಂದು ಇಡೀ ಮೊದಲ ಭಾಗ ಕಳೆದುಕೊಂಡಿದ್ದ.

ಹೆಜ್ಜೆ 8: ಒಮ್ಮೆಯಾದರೂ ಅಂಗಣಕ್ಕೆ ಹೋಗಿ, ಆದರೆ ಜಾಣತನದಿಂದ

ಡ್ಯೂಕ್‌ನ ಕ್ಯಾಮರಾನ್ ಒಳಾಂಗಣ 1940ರದ್ದು. 9,314 ಜನಕ್ಕೆ ಮಾತ್ರ ಜಾಗ. ವಿದ್ಯಾರ್ಥಿಗಳು ಕೋರ್ಟಿನ ಅಂಚಿಗೇ ನಿಂತು ಮುಖಕ್ಕೆ ಬಣ್ಣ ಬಳಿದುಕೊಂಡು ಕಿರುಚುತ್ತಾರೆ. ನಾರ್ತ್ ಕ್ಯಾರೊಲಿನಾ ಪಂದ್ಯಕ್ಕೆ ಜಾಗ ಹಿಡಿಯಲು ವಾರಗಟ್ಟಲೆ ಹೊರಗೆ ಟೆಂಟ್ ಹಾಕಿ ಮಲಗುತ್ತಾರೆ. ಆ ಟೆಂಟ್ ಊರಿಗೆ ಹಳೆಯ ಕೋಚ್ ಮೈಕ್ ಶಶೆಫ್‌ಸ್ಕಿ ಹೆಸರನ್ನೇ ಇಟ್ಟಿದ್ದಾರೆ. ಪುರುಷರ ಪಂದ್ಯದ ಟಿಕೆಟ್ ನಮ್ಮಂಥವರಿಗೆ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಉಪಾಯ ಇದೆ. ಡ್ಯೂಕ್ ಮಹಿಳಾ ತಂಡ ಆಡುವುದೂ ಅದೇ ಕ್ಯಾಮರಾನ್‌ನಲ್ಲಿ. ಟಿಕೆಟ್ ಬೆಲೆ ತುಂಬಾ ಕಡಿಮೆ, ಆಟ ಮೇಲ್ಮಟ್ಟದ್ದು. ರಾಲೀಯಲ್ಲಿ ಎನ್‌ಸಿ ಸ್ಟೇಟ್ ಮಹಿಳೆಯರು 1949ರಲ್ಲಿ ತೆರೆದ ರೆನಾಲ್ಡ್ಸ್ ಕೊಲಿಸಿಯಂನಲ್ಲಿ ಆಡುತ್ತಾರೆ. ಪುರುಷರು ಐಸ್ ಹಾಕಿ ಆಟದ ತಂಡದ ಜೊತೆ ಹಂಚಿಕೊಂಡ ದೊಡ್ಡ ಲೆನೊವೊ ಸೆಂಟರಿಗೆ ಹೋದರು. ನನ್ನ ಕೇಳಿದರೆ ಹಳೆಯ ಕಟ್ಟಡದಲ್ಲಿ ಸದ್ದು ಜಾಸ್ತಿ, ಜೀವವೂ ಜಾಸ್ತಿ. ಮಕ್ಕಳ ಮೊದಲ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಚಾಪೆಲ್ ಹಿಲ್‌ನ ಡೀನ್ ಸ್ಮಿತ್ ಸೆಂಟರ್ 1986ರದ್ದು, ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕಿ ಜನ ಹಿಡಿಯುತ್ತದೆ. ಸಣ್ಣ ಎದುರಾಳಿಯ ಜೊತೆಗಿನ ಡಿಸೆಂಬರ್ ಪಂದ್ಯಕ್ಕೆ ಅಲ್ಲಿ ಸುಲಭವಾಗಿ ಸೀಟು ಸಿಗುತ್ತದೆ.

ಹೋಗುವ ಮೊದಲು ಬ್ಯಾಗಿನ ನಿಯಮ ಓದಿಕೊಳ್ಳಿ, ಪಾರದರ್ಶಕ ಚೀಲ ಅಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡು ಹೋದ ನಾವು ಅದನ್ನು ಕಾರಿನಲ್ಲಿ ಇಟ್ಟು ಬರಲು ಮತ್ತೆ ಹದಿನೈದು ನಿಮಿಷ ನಡೆದೆವು. ಪಂದ್ಯದ ದಿನ ಎದುರಾಳಿಯ ಬಣ್ಣದ ಶರ್ಟು ಹಾಕಬೇಡಿ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಹೆಜ್ಜೆ 9: ಫೆಬ್ರವರಿಯಲ್ಲಿ ಅಂಚಿನ ತಂಡಗಳ ಮೇಲೆ ಕಣ್ಣಿಡಿ

ಎಲ್ಲರೂ ಡ್ಯೂಕ್-ಕ್ಯಾರೊಲಿನಾ ಪಂದ್ಯ ನೋಡುತ್ತಾರೆ, ನೀವೂ ನೋಡಿ. ಆದರೆ ಫೆಬ್ರವರಿಯ ನಿಜವಾದ ಕಥೆ ಪಟ್ಟಿಯ ನಡುವಿನಲ್ಲಿದೆ. ಒಳಗೆ ಹೋಗುತ್ತವೋ ಹೊರಗುಳಿಯುತ್ತವೋ ಗೊತ್ತಿಲ್ಲದ ತಂಡಗಳು. ಇದಕ್ಕೆ ಬಬಲ್ ಅನ್ನುತ್ತಾರೆ. ಯಾವ ಕ್ಷಣದಲ್ಲಾದರೂ ಒಡೆಯುವ ಗುಳ್ಳೆ. ನಿಮ್ಮ ತಂಡ ಅಲ್ಲಿದ್ದರೆ ಪ್ರತಿ ಸೋಮವಾರ ಮೂರು ಸಾಲು ಬರೆಯಿರಿ: ನೆಟ್ ಸ್ಥಾನ ಎಷ್ಟು, ಕ್ವಾಡ್ 1ರಲ್ಲಿ ಗೆಲುವು-ಸೋಲು ಎಷ್ಟು, ಕೆಳಗಿನ ಎರಡು ರಾಶಿಯಲ್ಲಿ ಕೆಟ್ಟ ಸೋಲು ಎಷ್ಟು. ಆಮೇಲೆ ಆ ವಾರ ಯಾರು ಗೆದ್ದರೆ ನಿಮಗೆ ಲಾಭ ಅಂತ ಒಂದು ಪಟ್ಟಿ. ಕೆಲವೊಮ್ಮೆ ಲೆಕ್ಕ ವಿಚಿತ್ರವಾಗಿ ಬರುತ್ತದೆ. ನೀವು ಈಗಾಗಲೇ ಸೋಲಿಸಿದ ಪಿಟ್ಸ್‌ಬರ್ಗ್ ಬಾಸ್ಟನ್ ಕಾಲೇಜನ್ನು 20 ಅಂಕದಿಂದ ಹೊಡೆಯಲಿ ಅಂತ ಮಂಗಳವಾರ ರಾತ್ರಿ ಹತ್ತು ಗಂಟೆಗೆ ದೇವರಿಗೆ ಕೈ ಮುಗಿಯುತ್ತಿರುತ್ತೀರಿ. ಹಾಗಾದ ದಿನ ನೀವು ಪಕ್ಕಾ ಕಾನ್ಫರೆನ್ಸ್ ಅಭಿಮಾನಿ.

ಹೆಜ್ಜೆ 10: ಐದು ದಿನದ ಜಾತ್ರೆ

ಮಾರ್ಚ್ ಎರಡನೇ ವಾರ ಎಸಿಸಿ ಟೂರ್ನಮೆಂಟ್. ಮಂಗಳವಾರದಿಂದ ಶನಿವಾರ. ಸೋತವರು ಮನೆಗೆ. 18ರಲ್ಲಿ ಮೇಲಿನ 15 ತಂಡಗಳಿಗೆ ಮಾತ್ರ ಪ್ರವೇಶ. ಮೊದಲ ನಾಲ್ಕು ಸ್ಥಾನದವರು ನೇರ ಗುರುವಾರ ಆಡುತ್ತಾರೆ, ಮೂರು ಗೆದ್ದರೆ ಕಪ್. 10ನೇ ಸ್ಥಾನದಿಂದ ಕೆಳಗಿನವರು ಐದು ದಿನದಲ್ಲಿ ಐದು ಗೆಲ್ಲಬೇಕು. ಗೆದ್ದವರಿಗೆ ದೊಡ್ಡ ಟೂರ್ನಮೆಂಟಿನ ಬಾಗಿಲು ತಾನಾಗಿ ತೆರೆಯುತ್ತದೆ. ಸೀಸನ್ ಎಷ್ಟು ಕೆಟ್ಟಿದ್ದರೂ ಸರಿ.

ಹಿಂದೆ ಆ ಬಾಗಿಲು ಒಂದೇ ಇತ್ತು. 1974ರ ಫೈನಲ್ಲಿನಲ್ಲಿ ಎನ್‌ಸಿ ಸ್ಟೇಟ್ ಹೆಚ್ಚುವರಿ ಸಮಯದಲ್ಲಿ ಮೇರಿಲ್ಯಾಂಡನ್ನು 103-100ರಿಂದ ಸೋಲಿಸಿತು. ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್ ಮನೆಯಲ್ಲಿ ಕೂರಬೇಕಾಯಿತು. ಯಾಕಂದರೆ ಕಾನ್ಫರೆನ್ಸಿಗೆ ಒಂದೇ ತಂಡ ಅನ್ನುವ ನಿಯಮ. ಮರು ವರ್ಷ ನಿಯಮ ಸಡಿಲವಾಯಿತು, 32 ತಂಡಗಳಾದವು. ಈ ರಾಜ್ಯದ ಹಿರಿಯರು ಇನ್ನೊಂದು ಹೇಳುತ್ತಾರೆ. ಆ ಕಾಲದಲ್ಲಿ ಟೂರ್ನಮೆಂಟಿನ ಶುಕ್ರವಾರ ಮೇಷ್ಟ್ರುಗಳೇ ಕ್ಲಾಸಿಗೆ ಟಿವಿ ತಳ್ಳಿಕೊಂಡು ಬರುತ್ತಿದ್ದರಂತೆ. ಪಾಠ ಬಂದ್.

2024ರಲ್ಲಿ ಎನ್‌ಸಿ ಸ್ಟೇಟ್ 10ನೇ ಕ್ರಮಾಂಕದಲ್ಲಿ ಟೂರ್ನಮೆಂಟ್ ನಡೆದ ವಾಷಿಂಗ್ಟನ್ನಿಗೆ ಹೋಯಿತು. ಕೊನೆಯ ನಾಲ್ಕು ಪಂದ್ಯ ಸೋತಿದ್ದ ತಂಡ. ನನ್ನ ಹೆಂಡತಿ "ಮಂಗಳವಾರ ಒಂದು ನೋಡೋಣ, ಆಮೇಲೆ ಟಿವಿ ಪ್ಯಾಕೇಜ್ ನಿಲ್ಲಿಸೋಣ" ಅಂದಿದ್ದಳು. ಲೂಯಿವಿಲ್, ಸಿರಾಕ್ಯೂಸ್, ಡ್ಯೂಕ್, ಆಮೇಲೆ ಮೇಲೆ ಹೇಳಿದ ವರ್ಜೀನಿಯಾ, ಫೈನಲ್ಲಿನಲ್ಲಿ ನಾರ್ತ್ ಕ್ಯಾರೊಲಿನಾ, 84-76. ಐದು ದಿನ, ಐದು ಗೆಲುವು. 1987ರ ನಂತರ ಮೊದಲ ಎಸಿಸಿ ಕಪ್. ಅಲ್ಲಿಂದ ರಾಷ್ಟ್ರದ ಕೊನೆಯ ನಾಲ್ಕರವರೆಗೆ ಹೋದರು. ಅದೇ ವರ್ಷ ಮಹಿಳಾ ತಂಡವೂ ಕೊನೆಯ ನಾಲ್ಕಕ್ಕೆ ಹೋಯಿತು. ಮರು ವರ್ಷ? ಪುರುಷರ ತಂಡಕ್ಕೆ ಮೇಲಿನ 15ರಲ್ಲೂ ಜಾಗ ಸಿಗಲಿಲ್ಲ. ಹಾಲಿ ಚಾಂಪಿಯನ್ನರು ಎಸಿಸಿ ಟೂರ್ನಮೆಂಟನ್ನು ಮನೆಯಲ್ಲಿ ಕೂತು ನೋಡಿದರು.

ಸಲಹೆ ಇಷ್ಟೇ. ರಜೆ ಹಾಕುವುದಾದರೆ ಗುರುವಾರ ಹಾಕಿ. ಅವತ್ತು ಕ್ವಾರ್ಟರ್ ಫೈನಲ್, ಮಧ್ಯಾಹ್ನದಿಂದ ರಾತ್ರಿಯವರೆಗೆ ನಾಲ್ಕು ಪಂದ್ಯ. ಗೋಳಿಬಜೆ ಹಿಟ್ಟು ಹಿಂದಿನ ದಿನವೇ ಕಲಸಿಡಿ.

ಹೆಜ್ಜೆ 11: ಆಯ್ಕೆಯ ಭಾನುವಾರ ಮತ್ತು ಆಮೇಲಿನ ಜಗಳ

ಎಸಿಸಿ ಟೂರ್ನಮೆಂಟ್ ಮುಗಿದ ಮರುದಿನ ಸಂಜೆ ದೊಡ್ಡ ಟೂರ್ನಮೆಂಟಿನ ಪಟ್ಟಿ ಹೊರಬೀಳುತ್ತದೆ. 2011ರಲ್ಲಿ ಬಂದ ಮಾದರಿಯಲ್ಲಿ 68 ತಂಡ. ಕೊನೆಯ ಕೆಲವರು ಒಹಾಯೊದ ಡೇಟನ್ ಊರಿನಲ್ಲಿ ಮೊದಲು ಆಡಿ ಒಳಗೆ ಬರಬೇಕು. ಪಟ್ಟಿ ಬರುವ ಮೊದಲು ನಿಮ್ಮ ನೋಟ್‌ಬುಕ್ ನೋಡಿ ಎಸಿಸಿಯಿಂದ ಯಾರು ಹೋಗುತ್ತಾರೆ ಅಂತ ಬರೆದಿಡಿ. ಎಷ್ಟು ಸರಿ ಬಂತು ಅಂತ ನೋಡುವುದೇ ಒಂದು ಆಟ.

ಈಗ ಹಳೆಯ ಪ್ರಶ್ನೆ. ನಮ್ಮ ತಂಡ ಸೋತ ಮೇಲೆ ಎಸಿಸಿಯ ಬೇರೆ ತಂಡಕ್ಕೆ ಚಪ್ಪಾಳೆ ತಟ್ಟಬೇಕೇ? ಲೆಕ್ಕದ ಪ್ರಕಾರ ಹೌದು. ಟೂರ್ನಮೆಂಟಿನಲ್ಲಿ ಎಸಿಸಿ ತಂಡಗಳು ಆಡಿದ ಪಂದ್ಯಗಳಿಗೆ ಆರು ವರ್ಷದವರೆಗೆ ಕಾನ್ಫರೆನ್ಸಿಗೆ ದುಡ್ಡು ಬರುತ್ತದೆ. ಹೊಟ್ಟೆಯ ಪ್ರಕಾರ ಇಲ್ಲ. 2022ರ ಏಪ್ರಿಲ್ 2, ನ್ಯೂ ಆರ್ಲಿಯನ್ಸ್. ಎನ್‌ಸಿಎಎ ಟೂರ್ನಮೆಂಟಿನಲ್ಲಿ ಡ್ಯೂಕ್ ಮತ್ತು ನಾರ್ತ್ ಕ್ಯಾರೊಲಿನಾ ಎದುರುಬದುರಾದದ್ದು ಅದೇ ಮೊದಲು. 42 ವರ್ಷ ಡ್ಯೂಕ್ ಕೋಚ್ ಆಗಿದ್ದು, ಐದು ಸಲ ದೇಶ ಗೆದ್ದ ಶಶೆಫ್‌ಸ್ಕಿ ಅವರ ಕೊನೆಯ ಸೀಸನ್. ಒಂದು ತಿಂಗಳ ಹಿಂದಷ್ಟೇ ಅವರ ಕೊನೆಯ ಮನೆಯಂಗಳದ ಪಂದ್ಯವನ್ನೂ ಕ್ಯಾರೊಲಿನಾದವರೇ 94-81ರಿಂದ ಗೆದ್ದು ಕೆಡಿಸಿದ್ದರು. ಈ ಸಲವೂ ಗೆದ್ದದ್ದು ಕ್ಯಾರೊಲಿನಾ, 81-77. ಮಗಳು ಸೋಫಾದಿಂದ ಹಾರಿ ಕೆಳಗೆ ಬಿದ್ದಳು. ಪಕ್ಕದ ಮನೆಯಲ್ಲಿ ಡ್ಯೂಕ್‌ನವರು, ಅವರ ವರಾಂಡದ ದೀಪ ಆರಿತು. ಮೂರು ದಿನ ಅವರು ಕಸದ ಡಬ್ಬಿ ಹೊರಗಿಡಲು ಕೂಡ ಕತ್ತಲಾದ ಮೇಲೆ ಬಂದರು.

ಇಂಥ ಹೊತ್ತಿಗೆ ನನ್ನದೊಂದು ನಿಯಮ ಇದೆ. ಸೋತ ತಂಡದವರಿಗೆ ಅವತ್ತು ಫೋನು ಮಾಡಬೇಡಿ, ಮೆಸೇಜೂ ಬೇಡ. ಎರಡು ದಿನ ಬಿಟ್ಟು ಒಂದು ಡಬ್ಬಿ ಪುಳಿಯೋಗರೆ ತೆಗೆದುಕೊಂಡು ಹೋಗಿ, ಬ್ಯಾಸ್ಕೆಟ್‌ಬಾಲ್ ಬಿಟ್ಟು ಬೇರೆ ಏನಾದರೂ ಮಾತಾಡಿ.

ಏಪ್ರಿಲ್: ರಬ್ಬರಿನ ಕೆಲಸ

ರಾಷ್ಟ್ರೀಯ ಫೈನಲ್ ಏಪ್ರಿಲ್ ಆರಂಭದ ಒಂದು ಸೋಮವಾರ. ಅದರ ಬೆನ್ನಿಗೇ ಪೋರ್ಟಲ್‌ನ ಗದ್ದಲ. ದಿನಾ ಬೆಳಿಗ್ಗೆ ಯಾರೋ ಹೋದರು, ಯಾರೋ ಬಂದರು. ಆ ಸುದ್ದಿಯ ಹಿಂದೆ ಓಡಬೇಡಿ, ಬೇಸಿಗೆಯವರೆಗೆ ಬಿಡಿ. ನೋಟ್‌ಬುಕ್ಕಿನಲ್ಲಿ ಕಾಲೇಜು ಮುಗಿಸಿದವರ ಹೆಸರನ್ನು ಮಾತ್ರ ಅಳಿಸಿ. ಉಳಿದವರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ. ಮುಂದಿನ ಸೀಸನ್ನಿಗೆ ಎರಡು ಸಲ ಯಾರು ಸಿಗುತ್ತಾರೆ ಅನ್ನುವ ಪಟ್ಟಿ ಬಂದಾಗ ಕೊನೆಯ ಪುಟದಲ್ಲಿ ಅಂಟಿಸಿಕೊಳ್ಳಿ. ಈ ವರ್ಷದ ನನ್ನ ಪುಸ್ತಕದಲ್ಲಿ ಹನ್ನೊಂದು ಪ್ರಶ್ನೆ ಚಿಹ್ನೆ ಇವೆ. ಮಗಳದ್ದರಲ್ಲಿ ಎಂಟು, ಅದನ್ನೇ ದಿನಾ ಹೇಳುತ್ತಿದ್ದಾಳೆ.